ಆಕಳು ಕಂದು ಹಾಕಿದ್ದಕ್ಕೆ ನನ್ನ ಕಾಲ್ಗುಣವೇ?

ನಾನು ಬೆಳಗಾವಿ ಪೇಟೆಯಲ್ಲಿ ಬೆಳೆದವಳು. ಹಾಲು ಅಂದರೆ ನನಗೆ ಪೀರನವಾಡಿ ಕಡೆಯಿಂದ ಸೈಕಲ್ಲಿನ ಮೇಲೆ ಬರುವ ಕ್ಯಾನು, ಅಷ್ಟೇ. ಎಪ್ಪತ್ತರ ದಶಕದ ಕೊನೆಯಲ್ಲಿ ಖಾನಾಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಬಂದ ವರ್ಷವೇ ಮನೆಯ ಎರಡು ಆಕಳು ಕಂದು ಹಾಕಿದವು. ದಿನ ತುಂಬುವ ಮೊದಲೇ, ಏಳನೆಯ ತಿಂಗಳಲ್ಲೇ, ಸತ್ತ ಕರು ಬಿದ್ದವು. ತಪ್ಪು ಯಾರದೆಂದು ಹುಡುಕಲು ಯಾರೂ ದೂರ ಹೋಗಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನಾನೇ ಕೂತಿದ್ದೆನಲ್ಲ!

ಹೊಸ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಕೆಲವರು ಕನ್ನಡದಲ್ಲಿ ಅಂದರು, ಕೆಲವರು ಮರಾಠಿಯಲ್ಲಿ ಅಂದರು. ನನ್ನ ದುರದೃಷ್ಟಕ್ಕೆ ಎರಡೂ ಭಾಷೆ ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಗಂಡ ಒಳ್ಳೆಯವರು, ಒಳ್ಳೆಯತನವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಂಬಿದವರು.

ಆಕಳು ಈದರೆ, ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಊರಾಚೆಯ ಆಲದ ಮರಕ್ಕೆ ಕಟ್ಟುವುದು ಅಲ್ಲಿಯ ರೂಢಿ. ಆಲದ ಹಾಲಿನ ಹಾಗೆ ಆಕಳ ಹಾಲೂ ತುಂಬಿ ಬರಲಿ ಎಂದು. ಕಂದು ಹಾಕಿದಾಗಲೂ ಅತ್ತೆ ಬಿಡಲಿಲ್ಲ, ಅದನ್ನೂ ಕಟ್ಟಿಸಿದರು. ಮಧ್ಯಾಹ್ನ ಊರ ದನವೆಲ್ಲ ಬಂದು ನಿಲ್ಲುತ್ತಿದ್ದುದು ಅದೇ ಮರದ ನೆರಳಿಗೆ. ಗಂಟಿನಿಂದ ತೊಟ್ಟಿಕ್ಕಿದ್ದು ಕೆಳಗಿನ ಹುಲ್ಲಿಗೆ ಬೀಳುತ್ತಿತ್ತು. ಆ ಹುಲ್ಲನ್ನು ದನ ಮೇಯುತ್ತಿದ್ದವು.

ಖಾನಾಪುರದ ದನದ ದವಾಖಾನೆಗೆ ಹೋಗಿ ಕೇಳಿದವಳು ನಾನೇ. ಡಾಕ್ಟರು ಮನೆಗೆ ಬಂದು ಆಕಳ ರಕ್ತ ತೆಗೆದುಕೊಂಡು ಹೋದರು. ಆಮೇಲೆ ಹೇಳಿದರು: “ಇದು ಬ್ರುಸೆಲ್ಲಾ ರೋಗ ಐತ್ರಿ, ಅಕ್ಕಾರ. ಒಂದರಿಂದ ಇನ್ನೊಂದಕ್ಕ ಹತ್ತತೈತಿ. ಬಿದ್ದ ಕಂದು, ಮಾಸು ಬರಿಗೈಲೆ ಮುಟ್ಟಿದ್ರ ಮನಶ್ಯಾರಿಗೂ ಬರತೈತಿ. ಸುಣ್ಣಾ ಹಾಕಿ ಹುಗೀರಿ. ಇನ್ನಮ್ಯಾಲೆ ಹುಟ್ಟೂ ಹೆಣ್ಣಗರಕ್ಕ ಎಂಟ ತಿಂಗಳ ಆಗೂದ್ರಾಗ ಲಸಿಕಿ ಹಾಕಿಸ್ರಿ.”

ರೋಗದ ಹೆಸರು ಕೇಳಿ ಹೆದರಬೇಕಿತ್ತು. ನನಗೋ ಕುಣಿಯುವಷ್ಟು ಖುಷಿಯಾಯಿತು.

ಮುಂದಿನ ಸಲ ಆ ಎರಡರಲ್ಲೊಂದು ಆಕಳು ದಿನ ತುಂಬಿ ಹೆಣ್ಣುಗರು ಹಾಕಿತು. ತಾವು ದೇವರಿಗೆ ಹೊತ್ತ ಹರಕೆ ಫಲಿಸಿತು ಎಂದು ಅತ್ತೆ ಬೀಗಿದರು. ಕರುವಿಗೆ ಆರು ತಿಂಗಳಾದಾಗ ನಾನು ಲಸಿಕೆಯ ಮಾತು ತೆಗೆದೆ. ಅತ್ತೆ ಕೆಂಡವಾದರು.

“ಸೂಜಿ ಚುಚ್ಚಿಸಿದ್ರ ಕರಾ ಬಂಜಿ ಆಗತೈತಿ. ಎರಡ ಹೋಗಿದ್ದು ಸಾಲದೇನ ನಿನಗ? ಇದಕ್ಕೇನರ ಆತಂದ್ರ ನೀ ತವರಮನಿ ದಾರಿ ಹಿಡಿ.”

“ಹಿಡೀತೀನಿ ಬಿಡ್ರಿ, ಅತ್ತಿ. ಮೊದಲ ಖಾನಾಪುರದ ದಾರಿ ಹಿಡೀತೀನಿ,” ಅಂದೆ.

ಮರುದಿನ ಬೆಳಿಗ್ಗೆ ಕರುವಿನ ಕೊರಳಿಗೆ ಹಗ್ಗ ಹಾಕಿ ಹೊರಟೆ. ಊರಿನ ಸೊಸೆ ಒಬ್ಬಳೇ ಕರು ಹಿಡಿದು ನಡುಬೀದಿಯಲ್ಲಿ ಹೋಗುವುದನ್ನು ನೋಡಲು ಕಟ್ಟೆಗಳೆಲ್ಲ ತುಂಬಿದವು. ಹಿತ್ತಿಲ ದಾರಿಯೂ ಇತ್ತು. ಬೇಕೆಂತಲೇ ಬೀದಿಯಲ್ಲೇ ಹೋದೆ, ಅದೂ ನಿಧಾನಕ್ಕೆ. ಬೆಳಗಾವಿಯಿಂದ ಥರ್ಮಾಸಿನಲ್ಲಿ ಬರ್ಫದ ನಡುವೆ ಬಂದಿದ್ದ ಲಸಿಕೆಯನ್ನು ಡಾಕ್ಟರು ಹಾಕಿದರು. ಒಂದೆರಡು ದಿನ ಮೈ ಬಿಸಿಯಾಗಬಹುದು, ಗಾಬರಿಯಾಗಬೇಡಿ ಎಂದರು.

ಮೈ ಬಿಸಿಯಾಯಿತು. ಕರು ಹುಲ್ಲು ಮೂಸಲಿಲ್ಲ. ಅತ್ತೆ ನನ್ನ ಟ್ರಂಕನ್ನು ಒಳಗಿನಿಂದ ಎಳೆದು ತಂದು ಪಡಸಾಲೆಯಲ್ಲಿಟ್ಟರು. ನಾನು ಅದರ ಮೇಲೇ ಕೂತು ರೊಟ್ಟಿ ತಿಂದೆ. ಒಳಗೊಳಗೇ ಹೆದರಿದ್ದೆ, ಆದರೆ ಅದನ್ನು ಅವರಿಗೆ ತೋರಿಸಬೇಕೆ? ಎರಡು ದಿನಕ್ಕೆ ಕರು ಎದ್ದು ಮೇಯತೊಡಗಿತು. ಟ್ರಂಕನ್ನು ನಾನೇ ಒಳಗೆ ಹೊತ್ತು ಹಾಕಿದೆ.

ಆ ಕರು ಬೆಳೆದು ಗಬ್ಬವಾದಾಗ ನಾವು ಎಂಬತ್ತರ ದಶಕಕ್ಕೆ ಕಾಲಿಟ್ಟಿದ್ದೆವು. ಬಂಜೆಯಾಗುತ್ತದೆ ಎಂದವರೇ ಈಗ ಏಳನೆಯ ತಿಂಗಳಿಗಾಗಿ ಕಾದರು. ನಿಜ ಹೇಳುತ್ತೇನೆ, ನಾನೂ ದಿನ ಎಣಿಸುತ್ತಿದ್ದೆ. ಏಳು ಕಳೆಯಿತು, ಎಂಟು ಕಳೆಯಿತು. ದಿನ ತುಂಬಿ, ಒಂದು ಮುಂಜಾನೆ ಗಟ್ಟಿಮುಟ್ಟಾದ ಕರು ಹಾಕಿತು.

ಮಾಸು ಬೀಳುವ ಹೊತ್ತಿಗೆ ಅತ್ತೆ ರೂಢಿಯಂತೆ ಹುಲ್ಲಿನ ಕಟ್ಟು ಹಿಡಿದು ಬಂದರು. ಹಿತ್ತಿಲಲ್ಲಿ ಗಂಡ ಆಗಲೇ ಗುಂಡಿ ತೋಡಿ, ಬಾಜುವಿಗೆ ಸುಣ್ಣದ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಆಗಲೂ ಅವರು ಮಾತಾಡಲಿಲ್ಲ. ಆದರೆ ಸಲಿಕೆ ಅವರ ಕೈಯಲ್ಲಿತ್ತು. ಅತ್ತೆ ಗುಂಡಿಯನ್ನೊಮ್ಮೆ ನೋಡಿದರು, ಮಗನನ್ನೊಮ್ಮೆ ನೋಡಿದರು.

ಕರು ನೋಡಲು ಬಂದಿದ್ದ ಬಾಜು ಮನೆಯಾಕೆ ನಕ್ಕು, “ಅಂತೂ ಸೊಸಿ ಕಾಲ್ಗುಣ ಛಲೋ ಆತ ನೋಡ್ರಿ,” ಎಂದಳು.

ನನ್ನ ಮೈ ಉರಿದುಹೋಯಿತು. “ನನ್ನ ಕಾಲು ಅವತ್ತೂ ಇವ, ಇವತ್ತೂ ಇವ. ಕೆಟ್ಟದ್ದೂ ಇವುಗಳ ಮ್ಯಾಲೆ ಹಾಕಬ್ಯಾಡ್ರಿ, ಛಲೋದೂ ಹಾಕಬ್ಯಾಡ್ರಿ. ನಿಮ್ಮ ಮನ್ಯಾಗೂ ಹೆಣ್ಣಗರಾ ಐತೆಲ್ಲ, ನಾಳೆ ಖಾನಾಪುರಕ್ಕ ಹೊಡಕೊಂಡ ಬರ್ರಿ. ನಾನೂ ಬರತೀನಿ.”

ಆಕೆ ಅತ್ತೆಯ ಮುಖ ನೋಡಿದಳು, ಸೊಸೆಯನ್ನು ಗದರಿಸಲಿ ಎಂದು. ಅತ್ತೆ ಯಾರನ್ನೂ ನೋಡಲಿಲ್ಲ. ಮಾಸು ಕಟ್ಟಲು ತಂದ ಹುಲ್ಲನ್ನು ಬಿಚ್ಚಿ ಆಕಳ ಮುಂದೆ ಹಾಕಿದರು.