ನಳಿಗೆಯ ಮೇಲಿನ ಒಂದು ರೂಪಾಯಿ

ಬೆಳ್ಳಾರೆ ಪೇಟೆಯಲ್ಲಿ ಅವನಿಗೆ ಪಿಸ್ತೂಲು ಕಿಟ್ಟಣ್ಣ ಎಂದೇ ಹೆಸರು. ಸೊಂಟದಲ್ಲಿರುವುದು ಪಿಸ್ತೂಲಲ್ಲ, ರಿವಾಲ್ವರ್ ಎಂದು ಅವನು ಎಷ್ಟು ಜನರನ್ನು ತಿದ್ದಿದನೋ, ಕೇಳುವವರು ಬೇಕಲ್ಲ! ಮದುವೆಗಳಲ್ಲಿ ಪಡ್ಡೆ ಹುಡುಗರು "ಕಿಟ್ಟಣ್ಣ, ಒಮ್ಮೆ ತೋರಿಸಿ ಮಾರಾಯ್ರೆ" ಎಂದು ಸುತ್ತ ಸೇರಿದರೆ ಅವನು ಅಂಗಿ ಎತ್ತಿ ಬರೀ ಸೊಂಟ ತೋರಿಸಿ ನಗುತ್ತಿದ್ದ. ಜನ ಸೇರುವ ಕಡೆಗೆ ಅದನ್ನು ಒಯ್ಯುವ ಜಾತಿಯವನಲ್ಲ ಅವನು. ಅಂಥ ದಿನ ಅದು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿಕೈ ಅವನ ಕೊರಳಲ್ಲಿ.

ಅವನ ಹೆಂಡತಿ ದಮಯಂತಿಗೆ ಆ ವಸ್ತುವನ್ನು ಕಂಡರೆ ಮೊದಲಿನಿಂದಲೂ ಆಗದು. ಆದರೆ ಅದು ಬರುವ ಮೊದಲಿನ ದಿನಗಳನ್ನು ನೆನೆದರೆ ಅವಳ ಬಾಯಿ ತನ್ನಿಂದ ತಾನೇ ಮುಚ್ಚಿಹೋಗುತ್ತಿತ್ತು. ಕಿಟ್ಟಣ್ಣನದು ಕಾಳುಮೆಣಸು, ಅಡಿಕೆ ಖರೀದಿಯ ವ್ಯಾಪಾರ. ಪಿಕಪ್ ತಕ್ಕೊಂಡು ಮನೆಮನೆಗೆ ಹೋಗಿ, ತೂಕ ಹಾಕಿ, ಕೈಯಲ್ಲೇ ದುಡ್ಡು ಕೊಟ್ಟು ಮಾಲು ತರುವುದು. ಒಂದು ಸಂಜೆ ಅಜ್ಜಾವರದ ತಿರುವಿನಲ್ಲಿ ಇಬ್ಬರು ಬೈಕ್ ಅಡ್ಡ ನಿಲ್ಲಿಸಿ, ಕಬ್ಬಿಣದ ರಾಡಿನಿಂದ ಹೊಡೆದು, ದುಡ್ಡಿನ ಚೀಲ ಕಿತ್ತುಕೊಂಡು ಹೋದರು. ಹೆಗಲಿನ ಎಲುಬು ಕೂಡಿಕೊಂಡಿತು, ಮನುಷ್ಯ ಕೂಡಿಕೊಳ್ಳಲಿಲ್ಲ. ಆ ಮಳೆಗಾಲವಿಡೀ ಕಿಟ್ಟಣ್ಣ ಅಂಗಳ ದಾಟಲಿಲ್ಲ. ಬೈಕಿನ ಸದ್ದು ಕೇಳಿದರೆ ಊಟದ ಬಟ್ಟಲು ಬಿಟ್ಟು ಒಳಕೋಣೆಗೆ ಹೋಗುತ್ತಿದ್ದ. ಲೈಸೆನ್ಸ್ ಸಿಕ್ಕಿ, ಸೊಂಟಕ್ಕೆ ಆ ಭಾರ ಬಂದ ಮೇಲೆಯೇ ಅವನು ಮತ್ತೆ ಪಿಕಪ್ ಹತ್ತಿದ್ದು. ಆವತ್ತು ದಮಯಂತಿ ಅಡುಗೆಮನೆಯಲ್ಲಿ ನಿಂತು ಖುಷಿಗೆ ಅತ್ತಿದ್ದಳು.

ಅದನ್ನು ಹಿಡಿಯಲು ಕಲಿಸಿದವನು ಪುತ್ತೂರಿನ ಹಂಝ, ಮಿಲಿಟರಿಯಿಂದ ನಿವೃತ್ತನಾದವನು. ಗುರಿ ಇಡುವುದಕ್ಕಿಂತ ಹೆಚ್ಚಾಗಿ ಗುರಿ ಇಡದೆ ಇರುವುದನ್ನೇ ಅವನು ಕಲಿಸಿದ್ದು. ಓಡಿಹೋಗಲು ದಾರಿ ಇದ್ದರೆ ಓಡುವುದು, ದುಡ್ಡು ಕೇಳಿದರೆ ಕೊಟ್ಟುಬಿಡುವುದು, ಜೀವಕ್ಕೇ ಬಂದರೆ ಮಾತ್ರ ಕೈ ಸೊಂಟಕ್ಕೆ. ಕೊನೆಗೊಂದು ಪರೀಕ್ಷೆಯನ್ನೂ ಹೇಳಿಕೊಟ್ಟ. ಗುಂಡುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ಖಾಲಿ ರಿವಾಲ್ವರನ್ನು ಗೋಡೆಗೆ ಗುರಿಯಿಟ್ಟು, ನಳಿಗೆಯ ತುದಿಯಲ್ಲಿ ಒಂದು ರೂಪಾಯಿಯ ನಾಣ್ಯ ಇಡಿಸಿಕೊಳ್ಳುವುದು. ಟ್ರಿಗರ್ ಎಳೆದು ಟಿಕ್ ಎಂದಾಗಲೂ ನಾಣ್ಯ ಅಲ್ಲೇ ಇರಬೇಕು.

"ಇದು ಬಿದ್ದ ದಿನ ನೀವು ಇದನ್ನು ಸೊಂಟಕ್ಕೆ ಕಟ್ಟುದು ಬೇಡ ಕಿಟ್ಟಣ್ಣ" ಎಂದಿದ್ದ ಹಂಝ. "ಕಳ್ಳನಿಗೆ ತಾಗದಿದ್ದರೆ ಅಡ್ಡಿಲ್ಲ. ಅವನ ಹಿಂದೆ ದಾರಿಯಲ್ಲಿ ಯಾರೋ ನಡ್ಕೊಂಡು ಹೋಗ್ತಾ ಇರ್ತಾರಲ್ಲ, ಅವರಿಗೆ ತಾಗಿದರೆ ಎಂತ ಮಾಡುದು?"

ಕಿಟ್ಟಣ್ಣ ಆ ಮಾತನ್ನು ದೇವರ ಎದುರು ಹೇಳಿದ ಮಾತಿನಷ್ಟು ಗಟ್ಟಿ ಹಿಡಿದುಕೊಂಡ. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಗೆ ಮೊದಲು ಮುರಕಲ್ಲಿನ ಹಿಂಗೋಡೆಯ ಎದುರು ಅವನ ಈ ಪೂಜೆ. ಗೋಡೆಯ ಆಚೆ ಬರೀ ಗುಡ್ಡದ ಮಣ್ಣಿನ ಧರೆ, ಯಾರೂ ಓಡಾಡುವ ಜಾಗವಲ್ಲ. ಆರು ತೂತುಗಳೂ ಖಾಲಿ ಎಂದು ತಾನು ನೋಡಿ, ಮತ್ತೆ ದಮಯಂತಿಗೂ ತೋರಿಸಿ, ಅವಳು "ಖಾಲಿ" ಎಂದ ಮೇಲೆಯೇ ಕೈ ಎತ್ತುತ್ತಿದ್ದ. ಪಕ್ಕದಲ್ಲಿ ನಿಂತು ನಾಣ್ಯ ಇಡುವುದು, ಟಿಕ್ ಎಂದ ಮೇಲೆ ತೆಗೆಯುವುದು ಅವಳ ಕೆಲಸ. "ನಿಮ್ಮ ಈ ಸರ್ಕಸ್ಸಿನಲ್ಲಿ ದೋಸೆ ತಣ್ಣಗಾಗ್ತದೆ" ಎಂದು ಗೊಣಗುವುದೂ ಅವಳದೇ. ನಾಣ್ಯ ಒಮ್ಮೆಯೂ ಬಿದ್ದಿರಲಿಲ್ಲ.

ಬಿದ್ದದ್ದು ಈ ವರ್ಷ, ಮಳೆ ಹಿಡಿದ ಹೊಸತರಲ್ಲಿ. ಟಿಕ್ ಎನ್ನುವ ಮೊದಲೇ ನಾಣ್ಯ ಜಾರಿತು. ದಮಯಂತಿ ಅಂಗೈ ಒಡ್ಡಿ ಹಿಡಿದುಬಿಟ್ಟಳು. "ನಾನೇ ಸರಿ ಇಡ್ಲಿಲ್ಲ" ಎಂದು ಮತ್ತೆ ಇಡುವಾಗ ಹತ್ತಿರದಿಂದ ನೋಡಿದಳು: ಗಂಡನ ಬಲಗೈ ಸಣ್ಣಗೆ, ಬಿಡದೆ ನಡುಗುತ್ತಿತ್ತು. ಆ ಸಲ ನಾಣ್ಯ ಹೇಗೋ ನಿಂತಿತು. ಚಹಾದ ಲೋಟ ಎತ್ತುವಾಗ ಅವಳು ಅದನ್ನು ಮೊದಲೇ ಕಂಡಿದ್ದಳು. ಪುತ್ತೂರಿನ ಡಾಕ್ಟರರು ಮಾತ್ರೆಯನ್ನೂ ಕೊಟ್ಟಿದ್ದರು. ಕಿಟ್ಟಣ್ಣ ಮಾತ್ರ ಅದನ್ನು ಲೋಟದ ತಪ್ಪೆಂಬಂತೆ ನಡೆದುಕೊಳ್ಳುತ್ತಿದ್ದ.

ಮುಂದಿನ ಭಾನುವಾರ ದಮಯಂತಿ ಒಂದು ಕೆಲಸ ಮಾಡಿದಳು. ಅಟ್ಟದ ಕೆಳಗೆ ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ಇತ್ತು. ಅದರಿಂದ ಸಾಸಿವೆ ಕಾಳಿನಷ್ಟು ಚಿವುಟಿ, ಒಲೆಯ ಬಿಸಿಗೆ ಹಿಡಿದು ಮೆತ್ತಗಾಗಿಸಿ, ನಾಣ್ಯದ ಅಡಿಗೆ ಅಂಟಿಸಿಟ್ಟುಕೊಂಡಳು. ಗಂಡನ ಕೈ ನಡುಗಿತು, ನಾಣ್ಯ ಅಲುಗಲಿಲ್ಲ. ನಳಿಗೆಗೆ ಮೆತ್ತಿದ್ದನ್ನು ಕೊಬ್ಬರಿ ಎಣ್ಣೆ ಮುಟ್ಟಿಸಿದ ಸೆರಗಿನಿಂದ ಒರೆಸಿ ತೆಗೆದಳು. ಕಿಟ್ಟಣ್ಣನ ಮುಖ ಅರಳಿದ್ದನ್ನು ಕಂಡು, ತಾನು ಮಾಡಿದ್ದು ಸರಿಯೆಂದೇ ಅವಳಿಗೆ ಅನಿಸಿತು. ಇದೂ ಹೋದರೆ ಈ ಮನುಷ್ಯ ಮತ್ತೆ ಒಳಕೋಣೆ ಸೇರುತ್ತಾನೆ ಎಂಬ ಒಂದೇ ಹೆದರಿಕೆ ಅವಳಿಗೆ. ಪಾಪ, ಪ್ರೀತಿಗೆ ಒಮ್ಮೊಮ್ಮೆ ಕಣ್ಣೆದುರಿನದಷ್ಟೇ ಕಾಣುತ್ತದೆ. ಈ ಮಳೆಗಾಲದ ಭಾನುವಾರಗಳೆಲ್ಲ ಹಾಗೆಯೇ ಕಳೆಯುತ್ತಿದ್ದವು.

ಹಾಗಿರುವಾಗ ಒಂದು ದಿನ ಕಿಟ್ಟಣ್ಣ ಆಲಂಕಾರಿನಿಂದ ಬಂದವನೇ ಜಗಲಿಯಲ್ಲಿ ಕುಳಿತು ನೀರು ಕೇಳಿದ. ಲೋಟದ ನೀರು ಅರ್ಧ ಪಂಚೆಯ ಮೇಲೆ ಚೆಲ್ಲಿತು.

"ಇವತ್ತು ಎಂತ ಆಯ್ತು ಗೊತ್ತುಂಟಾ?" ಎಂದ ನಗುತ್ತ. "ಅಲಿ ಕುಂಞಿಯವರಲ್ಲಿ ಮೆಣಸು ತೂಕ ಹಾಕಿಸಿ ಹೊರಟೆ. ಗೇಟು ದಾಟಿ ಸ್ವಲ್ಪ ಮುಂದೆ ಬಂದು, ಫೋನ್ ಬಂತೂಂತ ನಿಲ್ಲಿಸಿದ್ದೆ. ಜೋರು ಮಳೆ. ಹಿಂದಿನಿಂದ ಯಾರೋ ಓಡಿ ಬಂದು ಗ್ಲಾಸಿಗೆ ದಬದಬ ಬಡಿದ್ರು. ರೈನ್‌ಕೋಟು, ಮುಖ ಕಾಣುದಿಲ್ಲ. ನನ್ನ ಕೈ ಸೀದಾ ಸೊಂಟಕ್ಕೆ ಹೋಯ್ತು ಮಾರಾಯ್ತಿ. ಪುಣ್ಯಕ್ಕೆ ರಿವಾಲ್ವರಿನ ಚೀಲದ ಬಟನ್ ಬಿಚ್ಚಲಿಕ್ಕೇ ಆಗ್ಲಿಲ್ಲ, ಬೆರಳು ಜಾರಿ ಜಾರಿ ಹೋಯ್ತು. ನೋಡಿದ್ರೆ ಅವರ ಮಗಳು ಶಿಫಾ! ನನ್ನ ಕನ್ನಡಕ ಅವರ ಮೇಜಿನ ಮೇಲೆ ಬಾಕಿಯಾಗಿತ್ತು. ಅದನ್ನು ಹಿಡ್ಕೊಂಡು ಮಳೆಯಲ್ಲಿ ಓಡಿ ಬಂದದ್ದು ಪಾಪದ ಕೂಸು."

ಶಿಫಾಳನ್ನು ದಮಯಂತಿ ಬಲ್ಲಳು. ಕಡಬದಲ್ಲಿ ಕಾಲೇಜಿಗೆ ಹೋಗುವ ಹುಡುಗಿ, ಫೋನಿನಲ್ಲಿ "ಆಂಟಿ, ಉಪ್ಪಿನಕಾಯಿ ಮುಗೀತು" ಎಂದು ಸಲಿಗೆಯಿಂದ ಕೇಳುವವಳು.

"ನಿಮಗೆ ಹೆದರಿಕೆ ಆಗ್ಲಿಲ್ವ?" ಎಂದು ಕೇಳಿದಳು.

"ಆಯ್ತು. ದಾರಿಯುದ್ದಕ್ಕೂ ಅದೇ ಯೋಚನೆ. ಇನ್ನು ಇದು ಬೇಡ, ಕೊಟ್ಟುಬಿಡುವಾಂತ ಸಹ ಕಂಡಿತು." ಕಿಟ್ಟಣ್ಣ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ. "ಆದ್ರೆ ನಾಣ್ಯ ಬೀಳುದಿಲ್ಲ ಅಲ್ವ? ಅದು ನಿಲ್ತದಾದ್ರೆ ಕೈ ಸರಿ ಉಂಟು ಅಂತಲೇ ಲೆಕ್ಕ. ಇದು ಬರೀ ಗಾಬರಿ."

ದಮಯಂತಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಬಟನ್ ಬಿಚ್ಚಿದ್ದರೆ? ಆ ಒಂದು ಮಾತು ಅವಳನ್ನು ಭಾನುವಾರದವರೆಗೆ ಅನ್ನ ಉಣ್ಣಲು ಬಿಡಲಿಲ್ಲ. ಗಂಡ ಒಳಕೋಣೆ ಸೇರುವುದನ್ನು ಅವಳು ಸಹಿಸಿಯಾಳು. ಆದರೆ ಆ ಹುಡುಗಿಗೆ ಗುಂಡು ತಾಗಿದರೆ ಅಲಿ ಕುಂಞಿಯವರ ಅಂಗಳಕ್ಕೆ ಹೋಗಿ ಯಾವ ಮುಖ ಹೊತ್ತು ನಿಲ್ಲುವುದು?

ಭಾನುವಾರ ಅವಳು ಮೇಣದ ಕೋಲನ್ನು ಮುಟ್ಟಲಿಲ್ಲ. ಆರು ತೂತುಗಳನ್ನು ನೋಡಿ "ಖಾಲಿ" ಎಂದಳು. ಕಿಟ್ಟಣ್ಣ ಕೈ ಎತ್ತಿದ. ಅವಳು ನಾಣ್ಯವನ್ನು ನಳಿಗೆಯ ಮೇಲಿಟ್ಟು ಬೆರಳು ತೆಗೆದಳು. ನಾಣ್ಯ ಕುಣಿಯಿತು, ಸರಿಯಿತು, ಸಿಮೆಂಟಿನ ನೆಲಕ್ಕೆ ಬಿದ್ದು ಟಣಟಣ ಎಂದು ಉರುಳಿಹೋಯಿತು. ಈ ಸಲ ಅವಳು ಅಂಗೈ ಒಡ್ಡಲಿಲ್ಲ.

"ಇನ್ನೊಮ್ಮೆ ಇಡು" ಎಂದ ಕಿಟ್ಟಣ್ಣ.

ಇಟ್ಟಳು. ಬಿತ್ತು.

ಎಷ್ಟು ಗಾಬರಿಯಲ್ಲೂ ಕಿಟ್ಟಣ್ಣ ಕ್ರಮ ಬಿಡಲಿಲ್ಲ. ರಿವಾಲ್ವರನ್ನು ತೆರೆದು ಮೇಜಿನ ಮೇಲಿಟ್ಟು, ಆಮೇಲೆಯೇ ಬಗ್ಗಿ ನಾಣ್ಯ ಹೆಕ್ಕಿದ. ತಿರುಗಿಸಿ ನೋಡಿದ. ಅಡಿಯಲ್ಲಿ ಹಳೆಯ ಮೇಣದ ಕರಿ ಕಲೆ, ಅದಕ್ಕೆ ಧೂಳು. ಉಗುರಿನಿಂದ ಕೆರೆದು ಮೂಸಿದ. ಹಲಸು ಹೆಚ್ಚುತ್ತಲೇ ಬೆಳೆದವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಯಾವಾಗಿನಿಂದ?"

"ಮಳೆ ಹಿಡಿದಾಗಿನಿಂದ." ದಮಯಂತಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನೀವು ಮತ್ತೆ ಒಳಗೆ ಕೂತುಬಿಡ್ತೀರೋ ಅಂತ. ಬೈರಿ, ಹೊಡೀರಿ, ಎಂತ ಬೇಕಾದ್ರೂ ಮಾಡಿ. ಆ ಕೂಸಿಗೆ ಏನಾದ್ರೂ ಆಗಿದ್ರೆ ನಾನೇ ಮಾಡಿದ ಹಾಗೆ ಆಗ್ತಿತ್ತು."

ಕಿಟ್ಟಣ್ಣನಿಗೆ ಸಿಟ್ಟು ಬಂತು. ಜನ್ಮದಲ್ಲಿ ಬಾರದ ಸಿಟ್ಟು. ದೋಸೆ ಮುಟ್ಟದೆ ಇಡೀ ದಿನ ಜಗಲಿಯಲ್ಲೇ ಕುಳಿತಿದ್ದ. ಸೋಮವಾರ ಬೆಳಿಗ್ಗೆ ರಿವಾಲ್ವರ್, ಗುಂಡು, ಲೈಸೆನ್ಸ್ ಎಲ್ಲವನ್ನೂ ಠಾಣೆಗೆ ಒಯ್ದು ಒಪ್ಪಿಸಿ ಬಂದ. ಬಂದವನು ನೇರ ಒಳಕೋಣೆಗೆ ಹೋಗಿ ಮಲಗಿದ. ಗೋಡೆಯ ಕಡೆಗೆ ತಿರುಗಿದ ಆ ಬೆನ್ನನ್ನು ದಮಯಂತಿ ಬಾಗಿಲಿನಲ್ಲಿ ನಿಂತು ನೋಡಿದಳು. ಇದಕ್ಕೇ ಅಲ್ಲವೇ ಅವಳು ಹೆದರಿದ್ದು.

ಎರಡು ದಿನ ಕಾದಳು. ಮೂರನೆಯ ದಿನ ಸೀರೆ ಉಟ್ಟು, ಹೋಗಿ ಪಿಕಪ್ಪಿನ ಎಡಗಡೆ ಸೀಟಿನಲ್ಲಿ ಕುಳಿತು ಹಾರ್ನ್ ಒತ್ತಿದಳು. ಒತ್ತಿಯೇ ಒತ್ತಿದಳು. ಕೊನೆಗೆ ಕಿಟ್ಟಣ್ಣ ಹೊರಗೆ ಬಂದ.

"ಎಂತ ಇದು?"

"ಪಕ್ಕದ ಮನೆಯ ಶ್ಯಾಮನಿಗೆ ಹೇಳಿದ್ದೇನೆ, ಇನ್ನು ಡ್ರೈವಿಂಗ್ ಅವನದು. ದುಡ್ಡು ಬ್ಯಾಂಕಿನಲ್ಲೇ ಹಾಕುದು, ಕೈಯಲ್ಲಿ ಬೇಡ. ತೂಕ ನೀವು ನೋಡಿ. ನಾನೂ ಬರ್ತೇನೆ. ಆಲಂಕಾರಿಗೆ ಹೋಗಿ ಆ ಕೂಸಿನ ಮುಖ ನೋಡದೆ ನನಗೆ ನಿದ್ದೆ ಬರುದಿಲ್ಲ."

ಕಿಟ್ಟಣ್ಣನ ಬಲಗೈ ಬರೀ ಸೊಂಟವನ್ನು ಒಮ್ಮೆ ತಡವಿ ಹಿಂದೆ ಬಂತು. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

ಅಲಿ ಕುಂಞಿಯವರ ಜಗಲಿಯಲ್ಲಿ ಶಿಫಾ ಚಹಾ ತಂದಿಟ್ಟಳು. ದಮಯಂತಿ ಸುಮ್ಮನೆ ಅವಳ ಕೈ ಹಿಡಿದುಕೊಂಡಳು. ಯಾಕೆಂದು ಹುಡುಗಿಗೆ ತಿಳಿಯಲಿಲ್ಲ. "ಆಂಟಿಗೆ ಎಂತ ಆಯ್ತು?" ಎಂದು ನಕ್ಕಳು. ಅಷ್ಟರಲ್ಲಿ ಕಿಟ್ಟಣ್ಣ ಕಪ್ಪು ಎತ್ತಿದ, ಅದು ಸಾಸರಿನ ಮೇಲೆ ಗಡಗಡ ಎಂದಿತು. ಎಲ್ಲರ ಕಣ್ಣೂ ಅತ್ತ ತಿರುಗಿತು. ದಮಯಂತಿ ಹುಡುಗಿಯ ಕೈ ಬಿಟ್ಟು, ಕಪ್ಪಿನ ಅಡಿಗೆ ತನ್ನ ಕೈ ಒಡ್ಡಿದಳು.

"ಬೇಡ, ಬಿಡು" ಎಂದ ಕಿಟ್ಟಣ್ಣ. "ಬಿದ್ದರೆ ಬೀಳಲಿ."