ಜಗಳಗಂಟಿ ಕೋಶಗಳು

ಹತ್ತು ವರ್ಷದ ಹಿಂದಿನ ಮಾತು. ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ವಾಪಸ್ ಬಂತು. ಹದಿನೈದು ದಿನದಲ್ಲಿ ತಿದ್ದಿ ಕೊಡದಿದ್ದರೆ ಆ ವರ್ಷ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಕಾಗದದ ಕಟ್ಟು ಎತ್ತಿಕೊಂಡು ನಮ್ಮೂರು ಅಕ್ಕೋಳದ ಮನೆಗೆ ಬಂದುಬಿಟ್ಟೆ.

ನನ್ನ ವಿಷಯ ಮ್ಯಾಕ್ರೋಫೇಜ್, ಅಂದರೆ ರೋಗಾಣುಗಳನ್ನು ನುಂಗುವ ಜೀವಕೋಶ. ಕೆರಳಿ ಉರಿಯೂತ ಎಬ್ಬಿಸುವವು ಎಂ-ಒಂದು, ಗಾಯ ಮಾಯಿಸುವವು ಎಂ-ಎರಡು ಎಂದು ರೂಢಿ. ನಾನು ಕೋಶ ಬೆಳೆಸಿದ ಕೆಲವು ತಟ್ಟೆಗಳಿಗೆ ಬ್ಯಾಕ್ಟೀರಿಯಾದ ಹೊರಪದರದ ಅಂಶ ಹಾಕಿದ್ದೆ, ಕೆಲವಕ್ಕೆ ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನು. ಎರಡೂ ಕೆರಳಿದವು. ಎರಡಕ್ಕೂ ಎಂ-ಒಂದು ಎಂದು ಬರೆದು ಕೈತೊಳೆದುಕೊಂಡಿದ್ದೆ. ಫಲಿತಾಂಶ ಮಾತ್ರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ‘ಯಾವ ಎಂ-ಒಂದು?’ ಎಂದಷ್ಟೇ ಕೇಳಿದ್ದರು.

ಹಿತ್ತಲಲ್ಲಿ ದೊಡ್ಡವ್ವ ಶೇಂಗಾ ಸುಲಿಯುತ್ತಿದ್ದಳು. ದೊಡ್ಡಪ್ಪನ ಹೆಂಡತಿ, ಬಾಯಿ ಜೋರು. ಬೆನ್ನ ಹಿಂದೆ ಮನೆಮಂದಿಯೆಲ್ಲ ಅವಳಿಗೆ ಜಗಳಗಂಟಿ ಎನ್ನುತ್ತಿದ್ದರು, ನಾನೂ ಸೇರಿ.

“ಯಾಕ್ ಬೇ, ಮಾರಿ ಸಣ್ಣದು ಮಾಡ್ಕೊಂಡು ಕುಂತಿ?”

“ಕೆಲವು ಜೀವಕೋಶ ಜಗಳಗಂಟಿ ಅದಾವ, ಕೆಲವು ಸಮಾಧಾನದವು. ಹೆಸರು ಇಡೂದ್ರಾಗ ತಪ್ಪಾಗೇತಿ” ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ತಲೆ ಎತ್ತಲಿಲ್ಲ. “ಜಗಳ ಅನ್ನೂದು ಒಂದ್ ಹೊತ್ತಿಂದು. ಮುಂಜಾನೆ ಒದರಿದಾಕಿ ಸಂಜಿಗೆ ಗಾಯಕ್ಕ ಅರಿಶಿಣ ಹಚ್ಚಂಗಿಲ್ಲೇನು? ಈ ಮನಿ ಸೊಸ್ತೇರಿಗೆ ಊರಾಗ ಹೆಂಗ ಕರೀತಾರ? ನಾ ಅಂಕಲಿಯಾಕಿ, ನಿಮ್ಮವ್ವ ರಾಯಬಾಗದಾಕಿ. ಎಲ್ಲಿಂದ ಬಂದೇವಿ ಅನ್ನೂದು ಎಂದೂ ಸುಳ್ಳಾಗಂಗಿಲ್ಲ. ನಿನ್ನ ಕೋಶಕ್ಕೂ ಯಾವುದು ಸಿಟ್ಟಿಗೆಬ್ಬಿಸ್ತು, ಅದನ್ನ ಹೇಳಿ ಕರಿ.”

ನಾನು ದಂಗಾದೆ. ವಿಜ್ಞಾನಿಗಳು ಆಗಷ್ಟೇ ಅದನ್ನೇ ಹೇಳತೊಡಗಿದ್ದರು: ಎರಡೇ ಹೆಸರು ಸಾಲವು, ಎಂ ಬರೆದು ಪಕ್ಕದಲ್ಲಿ ಕೆರಳಿಸಿದ್ದರ ಹೆಸರು ಹಾಕಿ ಎಂದು. ನಾನು ಓದಿಯೂ ಸೋಮಾರಿತನದಿಂದ ಬಿಟ್ಟಿದ್ದೆ. ನಾಲ್ಕನೆಯ ತರಗತಿ ದಾಟದ ದೊಡ್ಡವ್ವನ ಬುದ್ಧಿ ಕಂಡು ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ತಟ್ಟೆಗಳನ್ನು ಬೇರೆ ಬೇರೆ ಹೆಸರಿನಲ್ಲಿ ಬರೆದು ಕೊಟ್ಟೆ. ಅಧ್ಯಾಯ ಒಪ್ಪಿಗೆಯಾಯಿತು.

ಸುದ್ದಿ ಹೇಳಲು ಮತ್ತೆ ಊರಿಗೆ ಬಂದಾಗ ಧೈರ್ಯ ಮಾಡಿ ಕೇಳಿದೆ: “ದೊಡ್ಡವ್ವ, ನಿನ್ನ ಮೊದಲ್ನೇ ಜಗಳ ಯಾತಕ್ಕ ಆಗಿತ್ತು?”

“ಇಷ್ಟ್ ವರ್ಷದಾಗ ಕೇಳಿದಾಕಿ ನೀನೊಬ್ಬಾಕಿ ನೋಡು” ಎಂದಳು. “ನೀ ಏಳನೇತ್ತೆ ಮುಗಿಸಿದ್ದಿ. ನಿಪ್ಪಾಣಿ ತನಕಾ ಹೆಣ್ಣುಡುಗಿ ಸಾಲಿಗೆ ಹೋಗೂದು ಬ್ಯಾಡ ಅಂದ್ರು ನಿಮ್ಮಜ್ಜ. ಆವತ್ತ ಬಾಯಿ ತಗದಾಕಿ, ಮತ್ತ ಮುಚ್ಚಲಿಲ್ಲ.”