ಇಳಿದ ಮೇಲೆ ತೆಗೆಸಿದ ಟಿಕೆಟ್

ನನ್ನ ತಂಗಿಯನ್ನು ಗುಬ್ಬಿಗೆ ಕೊಟ್ಟಿದೆ. ತುಮಕೂರಿನ ಮರಳೂರಿನಲ್ಲಿರುವ ನನ್ನ ಮನೆಯಿಂದ ಅವಳ ಮನೆ ಅಂಥ ದೂರವೇನಲ್ಲ. ಆದರೂ ಅವಳ ಮೊದಲನೇ ಮಗಳಿಗೆ ಕಿವಿ ಚುಚ್ಚಿಸಿದ ದಿನ ನಾನು ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟಲಿಲ್ಲ. ರಸ್ತೆ ಅಗೆದ ಕಡೆ ಬಸ್ಸು ಸಿಕ್ಕಿಕೊಂಡು ನಿಂತಿತ್ತು. ನಮ್ಮಲ್ಲಿ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕಿವಿ ಚುಚ್ಚಿಸಬೇಕು. ಅವನು ಬರದಿದ್ದರೆ ಆ ಜಾಗಕ್ಕೆ ಬೇರೆ ಯಾರನ್ನಾದರೂ ಕೂರಿಸುತ್ತಾರೆ. ಆವತ್ತು ತಂಗಿಯ ಗಂಡನ ಚಿಕ್ಕಪ್ಪನ ಮಗ ಕೂತ. ನಾನು ತೆಂಗಿನಕಾಯಿ, ಬೆಲ್ಲದ ಚೀಲ ಹಿಡಿದು ಒಳಗೆ ಕಾಲಿಟ್ಟಾಗ ಮಗು ಅತ್ತು ಮುಗಿಸಿ, ಅವನ ತೊಡೆಯ ಮೇಲೆ ಬಾಳೆಹಣ್ಣು ತಿನ್ನುತ್ತಿತ್ತು. ತಂಗಿ ಚೀಲ ಈಸಿಕೊಂಡಳು. ಊಟ ಬಡಿಸಿದಳು, ಹೊರಡುವಾಗ ಕಾಫಿ ಕೊಟ್ಟಳು. ಆಮೇಲೆ ಮೂರು ತಿಂಗಳು ನನಗೆ ಫೋನ್ ಮಾಡಲಿಲ್ಲ.

ಎರಡನೇ ಮಗಳಿಗೆ ಮೂರು ವರ್ಷ ತುಂಬಿದಾಗ ಅವಳೇ ಫೋನ್ ಮಾಡಿದಳು.

"ಅಣ್ಣ, ಬರೋ ಶುಕ್ರವಾರ ಚಿಕ್ಕವಳಿಗೆ ಕಿವಿ ಚುಚ್ಚಿಸ್ತಾ ಇದೀವಿ. ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ. ಅಷ್ಟರೊಳಗೆ ಬಂದ್ರೆ ನಿನ್ನ ತೊಡೆ. ಇಲ್ದಿದ್ರೆ ಇವರ ಚಿಕ್ಕಪ್ಪನ ಮಗ ಪಂಚೆಗೆ ಇಸ್ತ್ರಿ ಹಾಕಿಸಿ ಇಟ್ಕೊಂಡವ್ನೆ."

"ಈ ಸಲ ರೈಲಲ್ಲಿ ಬರ್ತೀನಿ ಕಣೇ," ಎಂದೆ. "ಹಳಿ ಅಗೆಯೋರು ಯಾರೂ ಇಲ್ಲ."

ಹಿಂದಿನ ಸಂಜೆಯೇ ಅಮ್ಮ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಬಸ್ಸು ಹತ್ತಿ ನನ್ನ ಮನೆಗೆ ಬಂದಿದ್ದಳು. ನನ್ನ ಹೆಂಡತಿಗೆ ಆವತ್ತು ಶಾಲೆಯಲ್ಲಿ ರಜೆ ಸಿಗಲಿಲ್ಲ, ಹೊರಟಿದ್ದು ನಾವಿಬ್ಬರೇ. ಬೆಳಗ್ಗೆ ಸ್ಟೇಷನ್ನಿಗೆ ಬಂದರೆ ಟಿಕೆಟ್ ಕೌಂಟರಿನ ಸಾಲು ಬಾಗಿಲು ದಾಟಿ ಆಟೋ ನಿಲ್ಲುವ ಕಡೆಗೆ ತಿರುಗಿತ್ತು. ಮಾರನೇ ದಿನದಿಂದ ಸಾಲು ರಜೆ. ಊರಿಗೆ ಊರೇ ಹೊರಟ ಹಾಗೆ ಜನ.

"ನಿಂತ್ಕೊಳ್ಳೋ, ಸಾಲು ಬೆಳೀತಾ ಅದೆ," ಎಂದಳು ಅಮ್ಮ.

"ಫೋನಲ್ಲೇ ತಗೋತೀನಿ ಬಾರಮ್ಮ. ಈ ಕಾಲದಲ್ಲಿ ಸಾಲಲ್ಲಿ ಯಾರು ನಿಲ್ತಾರೆ?"

ಇಷ್ಟು ಜನ ನಿಂತಿದ್ದಾರಲ್ಲ ಎಂದು ಅಮ್ಮ ಕೈಯಲ್ಲೇ ತೋರಿಸಿದಳು. ನಾನು ಅವರ ಪಕ್ಕದಲ್ಲೇ, ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ, ಪ್ಲಾಟ್‌ಫಾರಂಗೆ ನಡೆದೆ. ಬೆಂಚಿನಲ್ಲಿ ಅಮ್ಮನನ್ನೂ ಚೀಲಗಳನ್ನೂ ಕೂರಿಸಿ ಫೋನ್ ತೆಗೆದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಎಲ್ಲ ಒತ್ತಿದೆ. ಹಳಿಗೆ ಇಷ್ಟು ಹತ್ತಿರ ನಿಂತು ಟಿಕೆಟ್ ತೆಗೆಯುವಂತಿಲ್ಲ, ದೂರ ಹೋಗಿ ಪ್ರಯತ್ನಿಸಿ ಎಂದು ಬಂತು. ಆ ನಿಯಮ ಇರುವುದು ಒಳ್ಳೆಯದಕ್ಕೇ. ಇಲ್ಲದಿದ್ದರೆ ನನ್ನಂಥವರು ಟಿಸಿಯ ಕಪ್ಪು ಕೋಟು ಕಂಡ ಮೇಲೆಯೇ ಫೋನ್ ತೆಗೆಯುತ್ತಿದ್ದೆವು. ಆದರೆ ಆ ಹೊತ್ತಿನಲ್ಲಿ ನನಗೆ ಅಷ್ಟು ಒಳ್ಳೆಯ ಬುದ್ಧಿ ಇರಲಿಲ್ಲ.

ಹೊರಗೆ ಓಡಿದೆ. ಆಟೋಗಳನ್ನು ದಾಟಿ ಟೀ ಅಂಗಡಿಯ ಮುಂದೆ ನಿಂತೆ. ಈಗ ಅದು ಪಾಸ್‌ವರ್ಡ್ ಕೇಳಿತು. ಹೆಂಡತಿಯ ಹುಟ್ಟಿದ ತಾರೀಖು ಒತ್ತಿದೆ, ತಪ್ಪು ಅಂದಿತು. ಮನೆ ನಂಬರ್ ಒತ್ತಿದೆ, ಅದೂ ತಪ್ಪು. ಮೂರನೆಯದಕ್ಕೆ ಬಾಗಿಲು ಹಾಕಿಕೊಂಡಿತು. ತಿರುಗಿ ನೋಡಿದರೆ ಕೌಂಟರಿನ ಸಾಲು ಇನ್ನೂ ಉದ್ದವಾಗಿತ್ತು. ನಾನು ಮೊದಲೇ ನಿಂತಿದ್ದರೆ ನನ್ನ ಜಾಗವಾಗುತ್ತಿದ್ದ ಜಾಗದಲ್ಲಿದ್ದ ಮನುಷ್ಯ ಟಿಕೆಟ್ ಹಿಡಿದು ಹಲ್ಲುಕಡ್ಡಿ ಕಚ್ಚಿಕೊಂಡು ಆರಾಮವಾಗಿ ಒಳಗೆ ಹೋಗುತ್ತಿದ್ದ. ರೈಲು ಬರುತ್ತಿದೆ ಎಂದು ಒಳಗಿನಿಂದ ಕೂಗಿ ಹೇಳಿದರು.

ಪ್ಲಾಟ್‌ಫಾರಂಗೆ ವಾಪಸು ಓಡಿದಾಗ ಅಮ್ಮ ಎದ್ದು ನಿಂತಿದ್ದಳು.

"ಸಿಕ್ತಾ?"

"ಇಲ್ಲಮ್ಮ. ಹತ್ತು, ನೋಡ್ಕೊಳ್ಳೋಣ. ಇಪ್ಪತ್ತು ನಿಮಿಷದ ದಾರಿ, ಯಾರೂ ಕೇಳಲ್ಲ."

"ವಿತೌಟಾ?"

ಟಿಕೆಟ್ ಇಲ್ಲದೆ ರೈಲು ಹತ್ತುವವರಿಗೆ ಅನ್ನುವ ಆ ಮಾತು ಅಮ್ಮನ ಬಾಯಲ್ಲಿ ಬೈಗುಳ. ಅವಳ ಸೋದರಮಾವ ಗ್ಯಾಂಗ್‌ಮನ್ ಆಗಿದ್ದವನು, ದಿನಾ ಹಳಿಗುಂಟ ನಡೆದು ತಪಾಸಣೆ ಮಾಡುತ್ತಿದ್ದವನು. ಟಿಕೆಟ್ ಸಿಗದೇ ಹೋದರೆ ಹತ್ತುವ ಮುಂಚೆಯೇ ಗಾರ್ಡಿಗೆ ಹೇಳಬೇಕು, ಹೇಳಿ ಹತ್ತಿದವನು ಪ್ರಯಾಣಿಕ, ಹೇಳದೆ ಹತ್ತಿದವನು ಕಳ್ಳ ಎಂದು ಮನೆಯ ಮಕ್ಕಳಿಗೆಲ್ಲ ಹೇಳಿಕೊಟ್ಟಿದ್ದನಂತೆ. ರೈಲು ಬಂದು ನಿಲ್ಲುತ್ತಿದ್ದಂತೆ ಎಲ್ಲರೂ ಎದುರಿಗಿದ್ದ ಬಾಗಿಲಿಗೆ ನುಗ್ಗಿದರೆ, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರೈಲಿನ ಬಾಲದ ಕಡೆ ನಡೆದಳು. ಎರಡೂ ಕೈಯಲ್ಲಿ ಚೀಲ ಹಿಡಿದ ನಾನು ಅವಳ ಹಿಂದೆ.

ಗಾರ್ಡು ಬಾಗಿಲಲ್ಲಿ ಹಸಿರು ಬಾವುಟ ಮಡಚಿ ಹಿಡಿದು ನಿಂತಿದ್ದರು.

"ಸ್ವಾಮಿ, ನಮ್ಮ ಹತ್ರ ಟಿಕೆಟ್ ಇಲ್ಲ," ಎಂದಳು ಅಮ್ಮ. "ಇವನು ಫೋನಲ್ಲಿ ತಗೋತೀನಿ ಅಂತ ಕುಣಿದ, ಆಗ್ಲಿಲ್ಲ. ಗುಬ್ಬಿಗೆ ಹೋಗ್ಬೇಕು. ಮೊಮ್ಮಗಳ ಕಿವಿ ಚುಚ್ಚೋದದೆ. ಹತ್ತಬೋದಾ?"

ಅವರು ಗಡಿಯಾರ ನೋಡಿದರು, ಅಮ್ಮನನ್ನು ನೋಡಿದರು. "ಬರೆದುಕೊಡೋಕೆ ಈಗ ಹೊತ್ತಿಲ್ಲ ತಾಯಿ. ಹತ್ತಿ. ಗುಬ್ಬೀಲಿ ಇಳಿದು ನೀವಾಗೇ ಟಿಸಿ ಹತ್ರ ಹೋಗಿ ಹೇಳ್ಬೇಕು. ಹೇಳ್ತೀರಲ್ವಾ?"

"ಹೇಳ್ತೀನಿ."

ಕೊನೆಯ ಬೋಗಿ ಹತ್ತಿದೆವು. ಕಿಟಕಿ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸರಿದು ಜಾಗ ಮಾಡಿದಳು. "ಬಾರಜ್ಜಿ, ಕೂತ್ಕೋ."

"ಬ್ಯಾಡ ಕಣವ್ವ. ಟಿಕೆಟ್ ತಗೊಂಡೋರು ಕೂತ್ಕಳ್ಳೋ ಜಾಗ ಅದು. ನಾವು ವಿತೌಟು."

ಅರ್ಧ ಬೋಗಿಯ ಜನ ತಿರುಗಿ ನೋಡಿದರು. ನಾನು ಆಚೆ ಬದಿಯ ತೆಂಗಿನ ತೋಟಗಳನ್ನು ಎಂದೂ ಕಾಣದವನ ಹಾಗೆ ನೋಡುತ್ತಾ ನಿಂತೆ. ಮೂಲೆಯಲ್ಲಿದ್ದ ಒಬ್ಬ, "ಅಜ್ಜಿ, ಹಂಗೆಲ್ಲ ಜೋರಾಗಿ ಹೇಳ್ಬೇಡ, ನಮ್ಮಂಥೋರಿಗೂ ಭಯ ಆಗುತ್ತೆ," ಎಂದ. ಜನ ನಕ್ಕರು, ಅಮ್ಮನೂ ನಕ್ಕಳು. ಆದರೆ ಗುಬ್ಬಿ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದಳು.

ನಡುವೆ ರೈಲು ಯಾವುದೋ ಗಾಡಿಗೆ ದಾರಿ ಬಿಟ್ಟು ನಿಂತಿತು. ಗುಬ್ಬಿಯಲ್ಲಿ ಇಳಿದಾಗ ಹತ್ತು ಗಂಟೆ ಹತ್ತು ನಿಮಿಷ. ತಂಗಿಯ ಮನೆಗೆ ಬೇಗ ಬೇಗ ನಡೆದರೆ ಹತ್ತು ನಿಮಿಷ. ಗೇಟಿನಲ್ಲಿ ಯಾರೂ ಇರಲಿಲ್ಲ. ಜನ ಆರಾಮವಾಗಿ ಹೊರಗೆ ಹೋಗುತ್ತಿದ್ದರು. ಪೋರ್ಟರನ್ನು ಕೇಳಿದರೆ ಟಿಸಿ ಆ ತುದಿಯಲ್ಲಿ ಯಾರಿಗೋ ರಶೀದಿ ಬರೆಯುತ್ತಿದ್ದಾರೆ, ಬರುತ್ತಾರೆ, ಕಾಯಿರಿ ಎಂದ.

"ಅಮ್ಮ, ಗೇಟು ಖಾಲಿ ಇದೆ. ಹೊತ್ತಾಗುತ್ತೆ, ನಡಿ."

"ಹೇಳ್ತೀನಿ ಅಂದಿದೀನಿ ಕಣ್ಲಾ."

"ಇಪ್ಪತ್ತು ನಿಮಿಷ ಇದೆ ಅಷ್ಟೆ. ಈ ಸಲವೂ ತಪ್ಪಿದ್ರೆ ನನ್ನ ತಂಗಿ ನನ್ನನ್ನ ಮನೆಗೆ ಸೇರಿಸಲ್ಲ."

ಅಮ್ಮ ಖಾಲಿ ಗೇಟನ್ನೂ ನನ್ನನ್ನೂ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೂತು ಚೀಲಗಳನ್ನೆಲ್ಲ ನನ್ನ ಕಡೆ ತಳ್ಳಿದಳು. "ಮಾತು ಕೊಟ್ಟೋಳು ನಾನು. ತೊಡೆ ಕೊಡ್ಬೇಕಾದೋನು ನೀನು. ನೀ ಹೋಗು. ಇಬ್ಬರದ್ದೂ ಟಿಕೆಟ್ ತೆಗೆಸ್ಕೊಂಡು ನಾ ಬರ್ತೀನಿ."

"ನೀನಿಲ್ದೆ ಹೆಂಗಮ್ಮ?"

"ಅಜ್ಜಿ ಇಲ್ದಿದ್ರೆ ಕಿವಿ ತೂತಾಗಲ್ವೇನೋ? ಹೋಗು ಬುಡು."

ಹೋದೆ. ಹೋದೆ ಎಂದು ಒಂದೇ ಮಾತಿನಲ್ಲಿ ಬರೆದುಬಿಟ್ಟೆ. ಗೇಟಿನವರೆಗೆ ಎರಡು ಸಲ ಹಿಂದೆ ತಿರುಗಿ ನೋಡಿದೆ. ಎರಡನೇ ಸಲ ಅಮ್ಮ ದೂರದಿಂದಲೇ ಕೈ ಬೀಸಿ ಅಟ್ಟಿದಳು. ಆಮೇಲೆ ನಲವತ್ತೆಂಟು ವರ್ಷದ ಮನುಷ್ಯ ತೆಂಗಿನಕಾಯಿ, ಬೆಲ್ಲ, ಹೊಸ ಫ್ರಾಕು ಹೊತ್ತು ಓಡುವುದನ್ನು ಗುಬ್ಬಿಯ ಅಂಗಡಿಬೀದಿ ನೋಡಿತು.

ಮನೆಯ ನಡುವಿನಲ್ಲಿ ಚಾಪೆ ಹಾಸಿತ್ತು. ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿ ಆಚಾರ್ರು ಚಿನ್ನದ ತಂತಿಗೆ ಎಣ್ಣೆ ಸವರುತ್ತಿದ್ದರು. ಚಿಕ್ಕಪ್ಪನ ಮಗ ಇಸ್ತ್ರಿ ಪಂಚೆ ಉಟ್ಟು ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕಂಡದ್ದೇ, "ಬಂದ್ರಾ ಭಾವ? ಇನ್ನೈದು ನಿಮಿಷ ತಡವಾಗಿದ್ರೆ ಪಂಚೆ ಸಾರ್ಥಕ ಆಗ್ತಿತ್ತು," ಎಂದ. ತಂಗಿ ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದಳು. ಹತ್ತು ಇಪ್ಪತ್ತೆರಡು. ಮಗುವನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಆಚಾರ್ರು ಎಡಗಿವಿ ಹಿಡಿದು, "ಅಗೋ ಅಲ್ಲಿ ಗುಬ್ಬಚ್ಚಿ," ಎಂದರು. ಮಗು ಅತ್ತ ನೋಡುವುದರೊಳಗೆ ತಂತಿ ಕಿವಿಯಲ್ಲಿತ್ತು. ಅದು ಒಂದು ಗಳಿಗೆ ಯೋಚಿಸಿ, ಆಮೇಲೆ ಅತ್ತಿತು. ನನ್ನ ಅಂಗಿಯ ಕಾಲರ್ ಹಿಡಿದು ಜಗ್ಗಿತು.

ಆಗ ತಂಗಿ ಬಾಗಿಲ ಕಡೆ ನೋಡಿ, "ಅಮ್ಮ ಎಲ್ಲಣ್ಣ?" ಎಂದಳು.

"ಸ್ಟೇಷನ್ನಲ್ಲಿ. ಟಿಕೆಟ್ ತಗೋತಾ ಅವಳೆ."

"ಈಗಲೇ ವಾಪಸ್ ಹೋಗೋಕಾ?"

"ಬಂದಿದ್ದಕ್ಕೆ."

ಇದನ್ನು ಅರ್ಥ ಮಾಡಿಸಲು ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಹೇಳಿ ಮುಗಿಸಿದಾಗ ತಂಗಿಯ ಮಾವನವರು ನಗುತ್ತಿದ್ದರು, ತಂಗಿ ನಗುತ್ತಿರಲಿಲ್ಲ. "ಅಮ್ಮನ್ನ ಅಡ ಇಟ್ಟು ಬಂದ್ಯಾ?" ಎಂದಳು. "ಬಲಗಿವಿ ಅಮ್ಮ ಬಂದ್ಮೇಲೆ. ಆಚಾರ್ರೇ, ಕಾಯ್ತೀರಾ?"

"ರಾಹುಕಾಲ ಬಂದ್ಬಿಡುತ್ತಲ್ಲಮ್ಮ," ಎಂದರು ಮಾವನವರು.

ಆಚಾರ್ರು ತಂತಿ ಕೆಳಗಿಟ್ಟರು. "ಶುರು ಆಗಿರೋದು ಒಳ್ಳೆ ಹೊತ್ತಲ್ಲಿ ಯಜಮಾನ್ರೇ. ಇನ್ನೊಂದು ಕಿವಿ ಅದರ ಹಿಂದೇನೇ ಬರುತ್ತೆ. ಒಂದೇ ಷರತ್ತು, ಮಗು ಸೋದರಮಾವನ ತೊಡೆ ಇಳೀಬಾರ್ದು."

ಆ ಷರತ್ತು ಶಾಸ್ತ್ರದಲ್ಲಿತ್ತೋ, ಅವರ ಬಾಯಿಗೆ ಆಗ ಬಂದದ್ದೋ, ನಾನು ಕೇಳಲಿಲ್ಲ. ಮಗುವನ್ನು ಬಿಗಿಯಾಗಿ ಹಿಡಿದು ಕೂತೆ. ಆಚಾರ್ರಿಗೆ ಕಾಫಿ ಬಂತು. ನನ್ನ ಬಲಗಾಲು ಜೋಮು ಹಿಡಿಯಿತು, ಆಮೇಲೆ ಎಡಗಾಲು. ಚಿಕ್ಕಪ್ಪನ ಮಗ ಆಗಾಗ ಬಂದು, "ಭಾವ, ಕಷ್ಟ ಆದ್ರೆ ಹೇಳಿ, ನಾನಿದೀನಿ," ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. "ಕಾಲು ಕಡಿದು ಹಾಕಿದ್ರೂ ಏಳಲ್ಲ, ಹೋಗಯ್ಯ," ಎಂದೆ. ತಂಗಿಯ ತುಟಿಯ ಅಂಚು ಅಲ್ಲಾಡಿದ್ದು ಆಗ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅಮ್ಮ ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ರಶೀದಿ.

"ಏನಂದ್ರಮ್ಮ ಟಿಸಿ?" ಎಂದೆ.

"ಇಬ್ಬರದ್ದು ಅಂತೀರಾ, ಇನ್ನೊಬ್ರೆಲ್ಲಿ ಅಂದ. ಕಿವಿ ಚುಚ್ಚಿಸೋಕೆ ಹೋಗವ್ನೆ ಅಂದೆ. ವಯಸ್ಸೆಷ್ಟು, ಅರ್ಧ ಟಿಕೆಟ್ಟಾ ಅಂದ. ನಲವತ್ತೆಂಟು ಅಂದೆ. ಪೆನ್ನು ಮುಚ್ಚಿ ನನ್ನ ಮುಖಾನೇ ನೋಡ್ದ ಪಾಪ."

"ದಂಡ ಹಾಕಿದ್ರಾ?"

"ಹಾಕ್ದ. ಹಾಕ್ಬೇಕಾದ್ದೇ. ನಗ್ತಾ ನಗ್ತಾ ಹಾಕ್ದ."

ಅಮ್ಮ ಕಾಲು ತೊಳೆದು ಬಂದು ಮಗುವಿನ ಎದುರು ಕೂತಳು. ಮಗು ಈಗ ಎಲ್ಲ ತಿಳಿದುಕೊಂಡಿತ್ತು. ಆಚಾರ್ರು ಗುಬ್ಬಚ್ಚಿ ಎಂದಾಗ ಅದು ಎಲ್ಲೂ ನೋಡಲಿಲ್ಲ, ಬಲಗಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿತು. ಅಮ್ಮ ಒಂದು ಕೈ ಹಿಡಿದಳು, ತಂಗಿ ಇನ್ನೊಂದು ಹಿಡಿದಳು, ನಾನು ತಲೆ ಹಿಡಿದೆ. ಈ ಸಲದ ಅಳು ಬೀದಿಯ ಕೊನೆಯವರೆಗೂ ಕೇಳಿರಬೇಕು.

ಅತ್ತತ್ತು ಅದು ನನ್ನ ಎದೆಗೆ ಒರಗಿ ನಿದ್ದೆಹೋಯಿತು. ಒಳಗೆ ಊಟಕ್ಕೆ ಎಲೆ ಹಾಕಿದರು. ನಾನು ಏಳಲು ನೋಡಿದಾಗ ತಂಗಿ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು.

"ಏಳ್ಬೇಡ, ಎಚ್ಚರ ಆಗುತ್ತೆ. ಇಲ್ಲೇ ತಂದುಕೊಡ್ತೀನಿ ಕೂತ್ಕೋ."

ತಟ್ಟೆ ತಂದಳು. ಒಬ್ಬಟ್ಟಿನ ಮೇಲೆ ತುಪ್ಪ ಹಾಕಿ, ಸಾಕು ಎಂದ ಮೇಲೂ ಇನ್ನೊಂದು ಚಮಚ ಹಾಕಿ, ನನ್ನ ಬಲಗೈಗೆ ಎಟಕುವ ಹಾಗೆ ಇಟ್ಟು, ನಾನು ತಿನ್ನುವುದನ್ನು ನೋಡುತ್ತಾ ಪಕ್ಕದಲ್ಲೇ ಕೂತಳು.